ಕರ್ನಾಟಕದ ಅಡುಗೆಮನೆಯ ದಿನಸಿ

ಮನೆಯ ಅಡುಗೆಗೆಂದು ತಿಂಗಳಿಗೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಅಂಗಡಿಯಿಂದ ತಂದು ಡಬ್ಬಗಳಿಗೆ ತುಂಬಿಡುವ ಧಾನ್ಯ, ಬೇಳೆಕಾಳು, ಎಣ್ಣೆ, ಉಪ್ಪು, ಬೆಲ್ಲ, ಸಾಂಬಾರ ಪದಾರ್ಥಗಳಿಗೆ ಒಟ್ಟಾಗಿ ದಿನಸಿ ಎಂದು ಹೆಸರು. ಉತ್ತರ ಕರ್ನಾಟಕದಲ್ಲಿ ಕಿರಾಣಿ ಸಾಮಾನು ಎಂಬ ಮಾತೇ ಹೆಚ್ಚು ಬಳಕೆಯಲ್ಲಿದೆ. ತರಕಾರಿ, ಹಣ್ಣು, ಹಾಲು, ಮೀನು, ಮಾಂಸ ಆಯಾ ದಿನದ ಖರೀದಿಯಾದ್ದರಿಂದ ಇಲ್ಲಿ ಅವುಗಳ ಪ್ರಸ್ತಾಪ ಅಗತ್ಯವಿದ್ದಷ್ಟೇ ಬರುತ್ತದೆ.

ರಾಜ್ಯದುದ್ದಕ್ಕೂ ಒಂದೇ ಪಟ್ಟಿ ನಡೆಯುವುದಿಲ್ಲ. ಹಳೆ ಮೈಸೂರು ಸೀಮೆಯಲ್ಲಿ ರಾಗಿಹಿಟ್ಟಿನ ಡಬ್ಬವೇ ದೊಡ್ಡದು. ವಿಜಯಪುರ, ಕಲಬುರಗಿ ಕಡೆ ಮೊದಲು ಮನೆಗೆ ಬರುವುದು ಬಿಳಿಜೋಳದ ಚೀಲ. ಕರಾವಳಿಯವರಿಗೆ ಕುಚ್ಚಲಕ್ಕಿ, ತೆಂಗಿನೆಣ್ಣೆ ಇಲ್ಲದೆ ಆಗದು. ಮಲೆನಾಡಿನವರಿಗೆ ಅಕ್ಕಿಯ ಜೊತೆ ಜೋನಿಬೆಲ್ಲ, ಕಾಳುಮೆಣಸು ಬೇಕು. ಆರೋಗ್ಯದ ಕಣ್ಣಿನಿಂದ ನೋಡಿದರೆ ಈ ಯಾವ ಪಟ್ಟಿಯಲ್ಲೂ ತೆಗೆದುಹಾಕಬೇಕಾದ ಪದಾರ್ಥ ಹೆಚ್ಚೇನಿಲ್ಲ. ಕೆಟ್ಟಿರುವುದು ಪ್ರಮಾಣ. ಅಕ್ಕಿ, ಎಣ್ಣೆ, ಸಕ್ಕರೆಗಳ ತೂಕ ಏರಿ ಬೇಳೆಕಾಳಿನ ತೂಕ ಇಳಿದಿರುವುದೇ ಇಂದಿನ ಮನೆಯಡುಗೆಯ ದೊಡ್ಡ ಕೊರತೆ.

ಹಿನ್ನೆಲೆ

ಕನ್ನಡದಲ್ಲಿ ಅಡುಗೆಯ ಬರಹಕ್ಕೆ ಸಾವಿರ ವರ್ಷದ ಇತಿಹಾಸವಿದೆ. ಎರಡನೆಯ ಚಾವುಂಡರಾಯನ 'ಲೋಕೋಪಕಾರ' (ಸು. 1025) ಕೃಷಿ, ಜಲಶೋಧನೆ, ವೈದ್ಯಗಳ ಜೊತೆಗೆ ಪಾಕವಿಧಾನವನ್ನೂ ಹೇಳುತ್ತದೆ. ಹದಿನಾರನೆಯ ಶತಮಾನದ ಆರಂಭದ ಮೂರನೆಯ ಮಂಗರಸನ 'ಸೂಪಶಾಸ್ತ್ರ' ಅಡುಗೆಗೇ ಮೀಸಲಾದ ಕೃತಿ. ಇವರು ತಿಳಿದಿದ್ದ ಅಡುಗೆಯಲ್ಲಿ ಖಾರ ಬರುತ್ತಿದ್ದದ್ದು ಕಾಳುಮೆಣಸು, ಶುಂಠಿಗಳಿಂದ. ಒಣಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ಪೋರ್ಚುಗೀಸರು ಬಂದ ಮೇಲಷ್ಟೇ ಪಶ್ಚಿಮ ಕರಾವಳಿಗೆ ಕಾಲಿಟ್ಟಿತು. ಕಡಲೆಕಾಯಿ, ಆಲೂಗಡ್ಡೆ, ಟೊಮೆಟೊ ಕೂಡ ಅದೇ ಖಂಡದವು. ಅಜ್ಜಿಯ ಕಾಲದ್ದೆಂದು ನಾವು ಹೆಮ್ಮೆಪಡುವ ಶೇಂಗಾ ಚಟ್ನಿ, ಕೆಂಪು ಖಾರ, ಟೊಮೆಟೊ ಸಾರು ಯಾವುವೂ ವಿಜಯನಗರದ ಕೃಷ್ಣದೇವರಾಯನ ಊಟದ ಎಲೆಯಲ್ಲಿ ಇದ್ದಿರಲಾರವು.

ಧಾನ್ಯಗಳ ಮೇಲುಕೀಳಿನ ಜಗಳವೂ ಹಳೆಯದು. ಕನಕದಾಸರ 'ರಾಮಧಾನ್ಯಚರಿತೆ'ಯಲ್ಲಿ ಭತ್ತ ಮತ್ತು ರಾಗಿ ತಾನು ಹೆಚ್ಚು ತಾನು ಹೆಚ್ಚು ಎಂದು ವಾದಕ್ಕಿಳಿಯುತ್ತವೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಭತ್ತ ಸೊರಗುತ್ತದೆ, ರಾಗಿ ಇದ್ದ ಹಾಗೇ ಇರುತ್ತದೆ. ಬಡವರ ಧಾನ್ಯದ ಪರ ವಹಿಸಿದ ಈ ಕಾವ್ಯದ ತೀರ್ಪಿನ ಹಿಂದೆ ರೈತರ ಅನುಭವವಿದೆ. ಹಳ್ಳಿಗಳಲ್ಲಿ ನೆಲದೊಳಗೆ ತೋಡಿದ ಹಗೇವಿನಲ್ಲಿ ರಾಗಿಯನ್ನು ವರ್ಷಗಟ್ಟಲೆ ಇಡುತ್ತಿದ್ದರು, ಹುಳು ಹಿಡಿಯುತ್ತಿರಲಿಲ್ಲ.

ಧಾನ್ಯಗಳು

ದೇಶದಲ್ಲಿ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯ ಕರ್ನಾಟಕ. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಹಸುವಿನ ಹಾಲಿನಲ್ಲಿರುವುದು ಇದರ ಮೂರನೆಯ ಒಂದು ಭಾಗ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಕೂಡ ಇಲ್ಲ. ದೊಡ್ಡವರಿಗೆ ದಿನಕ್ಕೆ ಸಾವಿರ ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂಬ ಲೆಕ್ಕ ಹಿಡಿದರೆ, ನೂರು ಗ್ರಾಂ ಹಿಟ್ಟಿನ ಮುದ್ದೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಒದಗಿಸುತ್ತದೆ. ಇನ್ನೊಂದು ಲಾಭ ಕಾಳಿನ ಗಾತ್ರದಿಂದ ಬಂದದ್ದು. ಸಾಸಿವೆಯಷ್ಟೇ ಇರುವ ಈ ಕಾಳಿನಿಂದ ಸಿಪ್ಪೆಯನ್ನು ಅಕ್ಕಿಯಂತೆ ಸುಲಭವಾಗಿ ಬಿಡಿಸಲು ಬರುವುದಿಲ್ಲ. ಗಿರಣಿಯಲ್ಲಿ ಇಡೀ ಕಾಳು ಹಿಟ್ಟಾಗುತ್ತದೆ, ನಾರು ಹಿಟ್ಟಿನಲ್ಲೇ ಉಳಿಯುತ್ತದೆ.

ಸಿಪ್ಪೆಯಲ್ಲಿ ಫೈಟೇಟ್, ಟ್ಯಾನಿನ್‌ಗಳೂ ಇವೆ. ಇವು ಕಬ್ಬಿಣ, ಕ್ಯಾಲ್ಸಿಯಂಗಳನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ದಕ್ಕದಂತೆ ಮಾಡುತ್ತವೆ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ ಬೀಸಿ ಮಗುವಿಗೆ ಸರಿ ಮಾಡುವ ಪದ್ಧತಿ ಈ ತೊಡಕನ್ನು ಬಹುಮಟ್ಟಿಗೆ ನಿವಾರಿಸುತ್ತದೆ. ಮೊಳಕೆಯೊಡೆಯುವಾಗ ಫೈಟೇಟ್ ಒಡೆಯುತ್ತದೆ, ಪಿಷ್ಟ ಸಡಿಲವಾಗಿ ಗಂಜಿ ತೆಳ್ಳಗಿದ್ದರೂ ಹೆಚ್ಚು ಹಿಟ್ಟು ಹಿಡಿಸುತ್ತದೆ. ಮಕ್ಕಳ ಹೊಟ್ಟೆ ಚಿಕ್ಕದಾದ್ದರಿಂದ ಇದು ಸಣ್ಣ ಅನುಕೂಲವಲ್ಲ.

ಇಂದು ಹೊಲದಲ್ಲಿರುವ ರಾಗಿ ನೂರು ವರ್ಷದ ಹಿಂದಿನದಲ್ಲ. ಮಂಡ್ಯದ ವಿ.ಸಿ. ಫಾರ್ಮ್‌ನಲ್ಲಿ ದುಡಿದ ತಳಿವಿಜ್ಞಾನಿ ಸಿ.ಎಚ್. ಲಕ್ಷ್ಮಣಯ್ಯ ನಾಡತಳಿಗಳನ್ನು ಆಫ್ರಿಕಾದ ತಳಿಗಳೊಂದಿಗೆ ಕೂಡಿಸಿ ಇಂಡಾಫ್ ಸರಣಿಯನ್ನು ರೂಪಿಸಿದರು. ಇಳುವರಿ ಬಹಳವಾಗಿ ಏರಿತು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಆಮೇಲೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಿಂದ ಬಂದ ಜಿಪಿಯು-28 ತಳಿ ಬೆಂಕಿರೋಗವನ್ನು ತಡೆದುಕೊಂಡಿದ್ದರಿಂದ ಹಳ್ಳಿಹಳ್ಳಿಗೂ ಹಬ್ಬಿತು.

ರಾಗಿ ತಿಂದರೆ ಸಕ್ಕರೆ ಕಾಯಿಲೆ ಇಳಿಯುತ್ತದೆ ಎಂಬ ಮಾತನ್ನು ಮಾತ್ರ ಪೂರ್ತಿ ನಂಬುವಂತಿಲ್ಲ. ರಾಗಿಯ ತೂಕದಲ್ಲಿ ಹೆಚ್ಚುಕಡಿಮೆ ಮೂರನೆಯ ಎರಡು ಭಾಗ ಪಿಷ್ಟವೇ. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ ಬೇಗ ಜೀರ್ಣವಾಗಿ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಸೊಪ್ಪು, ಕಾಳಿನ ಸಾರಿನೊಂದಿಗೆ ಒಂದು ಮುದ್ದೆ ಉಣ್ಣುವುದು ಬೇರೆ, ಬೆಲ್ಲ ಹಾಕಿದ ರಾಗಿ ಮಾಲ್ಟನ್ನು ದಿನಕ್ಕೆರಡು ಲೋಟ ಕುಡಿಯುವುದು ಬೇರೆ.

ಬಿಳಿಜೋಳ ಉತ್ತರದ ಒಣಭೂಮಿಯ ಹಿಂಗಾರಿ ಬೆಳೆ. ಎರೆಮಣ್ಣಿನಲ್ಲಿ ಉಳಿದ ತೇವದಲ್ಲೇ ಮಾಗುತ್ತದೆ. ಮಾಲದಂಡಿ ಎಂದು ಹೆಸರಾದ ಎಂ-35-1 ತಳಿಗೆ ರೊಟ್ಟಿಯ ರುಚಿಯಲ್ಲಿ ಇಂದಿಗೂ ಸಾಟಿಯಿಲ್ಲ ಎನ್ನುವವರೇ ಹೆಚ್ಚು. ಜೋಳದಲ್ಲಿ ಗ್ಲುಟೆನ್ ಇಲ್ಲ. ಗೋಧಿಹಿಟ್ಟಿನಂತೆ ತಣ್ಣೀರಲ್ಲಿ ಕಲಸಿದರೆ ಹಿಟ್ಟು ಒಂದುಗೂಡುವುದಿಲ್ಲ. ಅದಕ್ಕೇ ಹಿಟ್ಟಿನ ನಡುವೆ ಗುಳಿ ಮಾಡಿ ಕುದಿಯುವ ಎಸರು ಹಾಕುತ್ತಾರೆ. ಬಿಸಿಗೆ ಪಿಷ್ಟ ಅರೆಬೆಂದು ಜಿಗಿ ಬರುತ್ತದೆ, ಆಗ ನಾದಿ ಬಡಿದರೆ ರೊಟ್ಟಿ ಅಗಲವಾಗುತ್ತದೆ. ಹಿಟ್ಟು ಹಳತಾದಷ್ಟೂ ಈ ಜಿಗಿ ಹೋಗಿ ಅಂಚು ಬಿರಿಯುತ್ತದೆ. ಹೀಗಾಗಿ ಜೋಳವನ್ನು ಚೀಲಗಟ್ಟಲೆ ಕೊಂಡರೂ ಗಿರಣಿಗೆ ಕಳಿಸುವುದು ವಾರಕ್ಕಾಗುವಷ್ಟನ್ನೇ. ಪ್ಯಾಕೆಟ್ಟಿನಲ್ಲಿ ಬರುವ ಜೋಳದ ಹಿಟ್ಟಿನಿಂದ ಪಟ್ಟಣದವರು ಬಡಿದ ರೊಟ್ಟಿ ಹರಿದುಹೋಗುವುದಕ್ಕೆ ಬಹುಪಾಲು ಕಾರಣ ಇದೇ, ಕೈಗುಣವಲ್ಲ.

ಅಕ್ಕಿಯ ಕತೆಗೆ ವೈದ್ಯಕೀಯ ಮಗ್ಗುಲೊಂದಿದೆ. ಪಾಲಿಶ್ ಅಕ್ಕಿಯನ್ನೇ ನಂಬಿದ ಜನರಲ್ಲಿ ಬೆರಿಬೆರಿ ರೋಗ ಕಾಣಿಸಿಕೊಳ್ಳುತ್ತಿತ್ತು. ತೌಡಿನೊಂದಿಗೆ ಹೋಗಿಬಿಡುವ ಬಿ1 ಜೀವಸತ್ವದ ಕೊರತೆ ಅದರ ಕಾರಣ. ಈ ರೋಗದ ವಿಚಾರಣೆಗೆಂದು 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಆರಂಭಿಸಿದ ಪುಟ್ಟ ಘಟಕವೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂಬ ಹೆಸರು ಪಡೆಯಿತು. ಭತ್ತವನ್ನು ಬೇಯಿಸಿ ಒಣಗಿಸಿ ಕುಟ್ಟುವ ಕುಚ್ಚಲಕ್ಕಿಯಲ್ಲಿ ಸಿಪ್ಪೆಯ ಬಿ1 ಕಾಳಿನೊಳಕ್ಕೆ ಇಳಿದು ಉಳಿದುಕೊಳ್ಳುತ್ತದೆ. ದಕ್ಷಿಣ ಕನ್ನಡ, ಉಡುಪಿಯ ಗಂಜಿಯೂಟದ ಹಿಂದಿನ ಗುಟ್ಟು ಇದು. ಬಯಲುಸೀಮೆಯವರು ಹೆಚ್ಚಾಗಿ ಕೊಳ್ಳುವ ಸೋನಾ ಮಸೂರಿ ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರು ಕಡೆಯಿಂದ ಬರುತ್ತದೆ. ಅಕ್ಕಿ ಬೆಳ್ಳಗಿದ್ದಷ್ಟೂ ಬೆಲೆ ಹೆಚ್ಚು, ಸತ್ವ ಕಡಿಮೆ. ನಾಲ್ಕೈದು ಸಲ ಉಜ್ಜಿ ತೊಳೆದು, ಬಸಿದ ಗಂಜಿಯನ್ನೂ ಚೆಲ್ಲಿದರೆ ಉಳಿದಿದ್ದ ಸ್ವಲ್ಪವೂ ಹೋಯಿತು.

ನ್ಯಾಯಬೆಲೆ ಅಂಗಡಿಯ ಅಕ್ಕಿಯಲ್ಲಿ ಕೆಲವು ಕಾಳು ಬೇರೆ ಬಣ್ಣದಲ್ಲಿರುವುದನ್ನು ಕಂಡು ಪ್ಲಾಸ್ಟಿಕ್ ಅಕ್ಕಿ ಎಂಬ ಗುಲ್ಲು ಎದ್ದದ್ದುಂಟು. ಅವು ಸಾರವರ್ಧಿತ ಕಾಳುಗಳು. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ ಯಂತ್ರದಲ್ಲಿ ಅಕ್ಕಿಯ ಆಕಾರಕ್ಕೆ ಒತ್ತಿ, ನೂರಕ್ಕೆ ಒಂದರಂತೆ ಬೆರೆಸಿರುತ್ತಾರೆ. ಮೊರದಲ್ಲಿ ಆರಿಸಿ ಎಸೆಯುವುದು ಬೇಡ.

ಗೋಧಿ ಚಪಾತಿಯಾಗಿ, ರವೆಯಾಗಿ ಮನೆಗೆ ಬಂದಿದೆ. ಉಪ್ಪಿಟ್ಟಿಗೆ ಬನ್ಸಿ ರವೆ, ಪೂರಿಗೆ, ಸಿಹಿಗೆ ಚಿರೋಟಿ ರವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆ ಇಡ್ಲಿ ಹುಟ್ಟಿತೆಂದು ಬೆಂಗಳೂರಿನ ಎಂಟಿಆರ್ ಹೋಟೆಲಿನವರು ಹೇಳುತ್ತಾರೆ. ಮೈದಾವನ್ನು ದಿನಬಳಕೆಯ ಪಟ್ಟಿಗೆ ಸೇರಿಸುವ ಅಗತ್ಯ ಕಾಣುವುದಿಲ್ಲ. ಹಬ್ಬದ ಹೋಳಿಗೆಗೆ ಕಾಲು ಕಿಲೋ ತಂದರೆ ಸಾಕು.

ನವಣೆ, ಸಾಮೆ, ಹಾರಕ, ಊದಲು, ಬರಗು, ಕೊರಲೆ, ಸಜ್ಜೆಗಳು ಸಿರಿಧಾನ್ಯವೆಂಬ ಹೊಸ ಗೌರವದೊಂದಿಗೆ ಮರಳಿ ಬಂದಿವೆ. ಭಾರತ 2018ನ್ನು ರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿಯೂ ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿಯೂ ಆಚರಿಸಿತು. ಇವುಗಳಲ್ಲಿ ನಾರು ಚೆನ್ನಾಗಿದೆ, ಪಾಲಿಶ್ ಮಾಡದಿದ್ದರೆ ಮಾತ್ರ. ಅಂಗಡಿಯ ಕಪಾಟಿನಲ್ಲಿ ಮುತ್ತಿನಂತೆ ಹೊಳೆಯುವ ಸಾಮೆ ಅಕ್ಕಿಗೂ ಬಿಳಿ ಅಕ್ಕಿಗೂ ಪೌಷ್ಟಿಕತೆಯಲ್ಲಿ ಹೇಳಿಕೊಳ್ಳುವಂಥ ಅಂತರ ಉಳಿದಿರುವುದಿಲ್ಲ. ರಾಗಿಯೋ ಜೋಳವೋ ಕೈಗೆಟಕುವ ಬೆಲೆಗೆ ಸಿಗುವ ಮನೆಯವರು ದುಬಾರಿ ಕೊರಲೆಯ ಹಿಂದೆ ಹೋಗದಿದ್ದರೆ ನಷ್ಟವೇನಿಲ್ಲ.

ಬೇಳೆಕಾಳು

ಧಾನ್ಯದ ಪ್ರೋಟೀನಿನಲ್ಲಿ ಲೈಸೀನ್ ಎಂಬ ಅಮೈನೊ ಆಮ್ಲ ಕಡಿಮೆ. ಬೇಳೆಯಲ್ಲಿ ಅದು ಧಾರಾಳ. ಬೇಳೆಯಲ್ಲಿ ಕಡಿಮೆಯಿರುವ ಮೆಥಿಯೊನೀನ್ ಧಾನ್ಯದಲ್ಲಿದೆ. ಮುದ್ದೆಗೆ ಹುರುಳಿ ಸಾರು, ರೊಟ್ಟಿಗೆ ಮಡಿಕೆಕಾಳಿನ ಪಲ್ಯ, ಅನ್ನಕ್ಕೆ ತೊವ್ವೆ ಎಂದು ಜೋಡಿ ಮಾಡಿದವರಿಗೆ ಈ ರಸಾಯನಶಾಸ್ತ್ರ ಗೊತ್ತಿರಲಿಲ್ಲ, ಊಟ ಮಾತ್ರ ಸರಿಯಾಗಿತ್ತು.

ಬೇಳೆಗಳಲ್ಲಿ ಮೊದಲ ಸ್ಥಾನ ತೊಗರಿಯದು. ತೊಗರಿಯ ಕಣಜವೆಂದೇ ಹೆಸರಾದ ಕಲಬುರಗಿಯ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ನೂರು ಗ್ರಾಂ ಬೇಳೆಯಲ್ಲಿ ಇಪ್ಪತ್ತು ಗ್ರಾಂಗೂ ಮೀರಿ ಪ್ರೋಟೀನ್ ಇದೆ. ಆದರೆ ಒಂದು ಹಿಡಿ ಬೇಳೆಗೆ ಐದಾರು ಲೋಟ ನೀರು ಬೆರೆಸಿ ಮಾಡುವ ತಿಳಿಸಾರಿನಿಂದ ಒಬ್ಬೊಬ್ಬರ ತಟ್ಟೆಗೆ ಬೀಳುವ ಬೇಳೆ ಒಂದೆರಡು ಚಮಚ. ಮೂರು ಹೊತ್ತು ಸಾರು, ಸಾಂಬಾರು ಉಣ್ಣುವ ಮನೆಗಳಲ್ಲೂ ಪ್ರೋಟೀನ್ ಕೊರತೆ ಕಾಣುವುದು ಹೀಗೆ.

ಬಸ್ಸಾರು ಈ ವಿಷಯದಲ್ಲಿ ಜಾಣ ಅಡುಗೆ. ಹುರುಳಿ, ಅಲಸಂದೆ ಅಥವಾ ಹೆಸರುಕಾಳನ್ನು ಸೊಪ್ಪಿನೊಂದಿಗೆ ಬೇಯಿಸಿ ಕಟ್ಟನ್ನು ಬಸಿದುಕೊಳ್ಳುತ್ತಾರೆ. ಬೆಂದ ಕಾಳು, ಸೊಪ್ಪು ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ. ಅದರಿಂದಲೇ ಒಂದು ಹಿಡಿ ತೆಗೆದು, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಹುಣಸೆ, ಖಾರದೊಂದಿಗೆ ರುಬ್ಬಿ ಕಟ್ಟಿಗೆ ಸೇರಿಸಿ ಕುದಿಸಿದರೆ ಸಾರು ಸಿದ್ಧ. ಬೇಯಿಸಿದ ನೀರಿಗೆ ಇಳಿದ ಜೀವಸತ್ವ, ಖನಿಜ ಯಾವುದೂ ವ್ಯರ್ಥವಾಗುವುದಿಲ್ಲ, ಕಾಳು ಕಾಳಾಗಿಯೇ ತಟ್ಟೆಗೆ ಬರುತ್ತದೆ. ಹುಣಸೆಯ ಬದಲು ಕೊನೆಗೆ ನಿಂಬೆರಸ ಹಿಂಡಿದರೆ ಅದರ ಸಿ ಜೀವಸತ್ವದಿಂದ ಕಬ್ಬಿಣ ಇನ್ನೂ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟ ಮುಗಿದ ತಕ್ಷಣ ಕಾಫಿ, ಟೀ ಕುಡಿದರೆ ಈ ಲಾಭಕ್ಕೆ ಕತ್ತರಿ ಬೀಳುತ್ತದೆ.

ಎಣ್ಣೆ, ಎಣ್ಣೆಕಾಳು

ದಕ್ಷಿಣದಲ್ಲಿ ಕಡಲೆಕಾಯಿ ಎಣ್ಣೆ, ಕರಾವಳಿಯಲ್ಲಿ ತೆಂಗಿನೆಣ್ಣೆ, ಉತ್ತರದಲ್ಲಿ ಕುಸುಬೆ ಎಣ್ಣೆ ಬಳಸುವುದು ಹಿಂದಿನ ರೂಢಿ. ಈಗ ಮೂರೂ ಕಡೆ ಸೂರ್ಯಕಾಂತಿ ಎಣ್ಣೆಯ ಪೌಚು, ಹೋಟೆಲು, ಬೇಕರಿಗಳಲ್ಲಿ ತಾಳೆ ಎಣ್ಣೆ. ದೇಶಕ್ಕೆ ಬೇಕಾದ ಖಾದ್ಯತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ.

ಯಾವ ಎಣ್ಣೆ ಒಳ್ಳೆಯದು ಎಂಬ ಚರ್ಚೆ ಮುಗಿಯುವಂಥದ್ದಲ್ಲ. ಗಾಣದ್ದಾಗಲಿ ರಿಫೈನ್ಡ್ ಆಗಲಿ, ಒಂದು ಗ್ರಾಂ ಎಣ್ಣೆಯಿಂದ ಬರುವುದು ಒಂಬತ್ತು ಕ್ಯಾಲೊರಿ. ಗಾಣದ ಎಣ್ಣೆಗೆ ವಾಸನೆ, ರುಚಿ ಹೆಚ್ಚು. ಅದನ್ನು ನೆಪವಾಗಿಟ್ಟುಕೊಂಡು ಧಾರಾಳವಾಗಿ ಸುರಿದರೆ ಫಲ ಒಂದೇ. ತೆಂಗಿನೆಣ್ಣೆಯ ಬಹುಪಾಲು ಪರ್ಯಾಪ್ತ ಕೊಬ್ಬು, ಕುಸುಬೆಯಲ್ಲಿ ಲಿನೋಲಿಕ್ ಆಮ್ಲ ಹೆಚ್ಚು, ಕಡಲೆಕಾಯಿಯದು ನಡುವಣ ಸ್ವಭಾವ. ಆದ್ದರಿಂದ ಒಂದನ್ನೇ ಹಿಡಿದು ಕೂರದೆ ಎರಡನ್ನು ಬದಲಿಸುತ್ತ ಬಳಸುವುದು ಸರಿಯಾದ ಮಾರ್ಗ. ಟ್ರಾನ್ಸ್ ಕೊಬ್ಬು ಹೆಚ್ಚಿದ್ದ ವನಸ್ಪತಿಯ ಕಾಲ ಮುಗಿಯಬೇಕಿತ್ತು. ಎಣ್ಣೆ, ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬು ಶೇ. 2ನ್ನು ಮೀರಬಾರದೆಂಬ ನಿಯಮ 2022ರ ಜನವರಿಯಿಂದ ಜಾರಿಯಲ್ಲಿದೆ.

ಎಣ್ಣೆಗಿಂತ ಎಣ್ಣೆಕಾಳನ್ನು ಇಡಿಯಾಗಿ ತಿನ್ನುವುದು ಮೇಲು. ಹುಚ್ಚೆಳ್ಳಿನ ಚಟ್ನಿಪುಡಿ, ಅಗಸೆ ಪುಡಿ, ಶೇಂಗಾ ಹಿಂಡಿ, ತಿಪಟೂರಿನ ಕೊಬ್ಬರಿ ಇವುಗಳಲ್ಲಿ ಕೊಬ್ಬಿನೊಂದಿಗೆ ನಾರು, ಪ್ರೋಟೀನ್, ಖನಿಜ ಎಲ್ಲ ಇವೆ. ಜೋಳದ ರೊಟ್ಟಿಯ ಮಗ್ಗುಲಲ್ಲಿ ಎರಡು ಮೂರು ಬಗೆ ಪುಡಿ ಇಡುವ ಉತ್ತರದವರ ತಟ್ಟೆಯಿಂದ ದಕ್ಷಿಣದವರು ಕಲಿಯುವುದಿದೆ.

ಉಪ್ಪು, ಬೆಲ್ಲ, ಸಕ್ಕರೆ

ಮಲೆನಾಡು ಸೇರಿದಂತೆ ಹಲವೆಡೆ ಗಳಗಂಡ ಸಾಮಾನ್ಯವಾಗಿದ್ದ ಕಾಲವಿತ್ತು. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಲ್ಲಿ ಆರಂಭಿಸಿದ ಅಧ್ಯಯನ, ಉಪ್ಪಿಗೆ ಅಯೋಡಿನ್ ಬೆರೆಸಿದರೆ ರೋಗ ಇಳಿಯುತ್ತದೆಂದು ತೋರಿಸಿತು. 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಬಂತು. 2006ರಿಂದ ಊಟಕ್ಕೆ ಬಳಸುವ ಅಯೋಡಿನ್‌ರಹಿತ ಉಪ್ಪಿನ ಮಾರಾಟಕ್ಕೆ ದೇಶವ್ಯಾಪಿ ನಿಷೇಧವಿದೆ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಆಗರದ ಹರಳುಪ್ಪಿಗೆ ಉಪ್ಪಿನಕಾಯಿ ಹಾಕುವವರಲ್ಲಿ ಇಂದಿಗೂ ಬೇಡಿಕೆಯಿದೆ. ಹಿಮಾಲಯದ ಗುಲಾಬಿ ಉಪ್ಪು ಉಪ್ಪೇ. ದುಡ್ಡು ಹೆಚ್ಚು, ಅಯೋಡಿನ್ ಬೆರೆಸಿರದಿದ್ದರೆ ಪ್ರಯೋಜನ ಕಡಿಮೆ. ಅಯೋಡಿನ್ ಬಿಸಿಗೆ, ತೇವಕ್ಕೆ ಹಾರಿಹೋಗುವುದರಿಂದ ಉಪ್ಪಿನ ಡಬ್ಬದ ಮುಚ್ಚಳ ಬಿಗಿಯಾಗಿರಬೇಕು, ಒಲೆಯ ಪಕ್ಕ ಇಡಬಾರದು.

ಬೆಲ್ಲದಲ್ಲಿ ಸ್ವಲ್ಪ ಖನಿಜಾಂಶವಿದೆ, ನಿಜ. ಕ್ಯಾಲೊರಿಯಲ್ಲಿ ಅದಕ್ಕೂ ಸಕ್ಕರೆಗೂ ಗಣನೀಯ ವ್ಯತ್ಯಾಸವಿಲ್ಲ. ಮಧುಮೇಹಿಗಳಿಗೆ ಎರಡೂ ಒಂದೇ. ಮಂಡ್ಯದ ಆಲೆಮನೆಯ ಅಚ್ಚುಬೆಲ್ಲ ಕೊಳ್ಳುವಾಗ ತಿಳಿಹಳದಿ ಬಣ್ಣಕ್ಕೆ ಮರುಳಾಗದೆ ಕಂದುಬಣ್ಣದ್ದನ್ನು ಆರಿಸಿಕೊಳ್ಳಬೇಕು. ಹಳದಿ ಹೊಳಪು ಬಹಳ ಸಲ ಕುದಿಯುವ ಕೊಪ್ಪರಿಗೆಗೆ ಹಾಕಿದ ಗಂಧಕಯುಕ್ತ ರಾಸಾಯನಿಕದ್ದು.

ಸಾಂಬಾರ ಪದಾರ್ಥಗಳು

ದನಿಯ, ಜೀರಿಗೆ, ಮೆಂತ್ಯ, ಸಾಸಿವೆ, ಅರಿಶಿನ, ಹುಣಸೆ, ಕಾಳುಮೆಣಸು, ಇಂಗು, ಒಣಮೆಣಸಿನಕಾಯಿ ಇಷ್ಟಿದ್ದರೆ ಸಾರಿನ ಪುಡಿಯಿಂದ ಬಿಸಿಬೇಳೆಬಾತಿನವರೆಗೆ ಎಲ್ಲ ನಡೆಯುತ್ತದೆ. ಇವು ಕೂಡುವ ಪ್ರಮಾಣ ಸಣ್ಣದಾದ್ದರಿಂದ ಪೌಷ್ಟಿಕತೆಯ ಲೆಕ್ಕದಲ್ಲಿ ಮುಖ್ಯವಲ್ಲ. ಅಡುಗೆಗೆ ರುಚಿ ಕೊಟ್ಟು ಉಪ್ಪು, ಎಣ್ಣೆಯನ್ನು ಇಳಿಸಲು ನೆರವಾಗುವುದೇ ಇವುಗಳ ಉಪಕಾರ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದಿದೆ.

ತಿಂಗಳ ಪ್ರಮಾಣ

ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ದಿನದ ತಟ್ಟೆಗೆ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಬೀಜಗಳು 35 ಗ್ರಾಂ, ಎಣ್ಣೆ 27 ಗ್ರಾಂ ಎಂದಿದೆ. ನಾಲ್ಕು ಮಂದಿ ದೊಡ್ಡವರಿರುವ ಮನೆಗೆ ಇದನ್ನು ಮೂವತ್ತು ದಿನಕ್ಕೆ ಗುಣಿಸಿದರೆ ಅಕ್ಕಿ, ರಾಗಿ, ಜೋಳ, ಗೋಧಿ, ರವೆ, ಅವಲಕ್ಕಿ ಎಲ್ಲ ಸೇರಿ 30 ಕಿಲೋ. ಬೇಳೆಕಾಳು 10 ಕಿಲೋ. ಕಡಲೆಕಾಯಿ ಬೀಜ, ಎಳ್ಳು ಮುಂತಾದವು 4 ಕಿಲೋ. ಎಣ್ಣೆ, ತುಪ್ಪ ಸೇರಿ ಮೂರೂವರೆ ಲೀಟರಿನೊಳಗೆ. ಉಪ್ಪು ತಲೆಗೆ ದಿನಕ್ಕೆ 5 ಗ್ರಾಂ ಮೀರಬಾರದೆಂದರೆ ತಿಂಗಳಿಗೆ 600 ಗ್ರಾಂ. ಸಕ್ಕರೆ, ಬೆಲ್ಲ ಎರಡೂ ಸೇರಿ ಹೆಚ್ಚೆಂದರೆ 3 ಕಿಲೋ, ಅದೂ ಬಿಸ್ಕತ್ತು, ಪೇಯಗಳೊಳಗಿನ ಸಕ್ಕರೆಯನ್ನೂ ಹಿಡಿದು.

ಈ ಅಂಕಿಗಳನ್ನು ಯಾವುದೇ ಮನೆಯ ಬಿಲ್ಲಿನ ಪಕ್ಕ ಇಟ್ಟು ನೋಡಬಹುದು. ಬಹಳ ಕಡೆ ಬೇಳೆಕಾಳು ಈ ಹತ್ತು ಕಿಲೋದ ಅರ್ಧವನ್ನೂ ಮುಟ್ಟಿರುವುದಿಲ್ಲ. ಎಣ್ಣೆಯದು ಐದು ಲೀಟರಿನ ಕ್ಯಾನು. ಖರ್ಚಿನ ಮಾತು ಬಂದರೆ, ಎಲ್ಲವನ್ನೂ ತೊಗರಿಬೇಳೆಯಿಂದಲೇ ತುಂಬಬೇಕಿಲ್ಲ. ಹುರುಳಿ, ಅಲಸಂದೆ, ಕಡಲೆಕಾಳುಗಳು ಸಾಮಾನ್ಯವಾಗಿ ತೊಗರಿಗಿಂತ ಅಗ್ಗ, ಪ್ರೋಟೀನಿನಲ್ಲಿ ಕಡಿಮೆಯೇನಲ್ಲ.

ಶೇಖರಣೆ, ಕಲಬೆರಕೆ

ಕಾಳಿಗೆ ಹರಳೆಣ್ಣೆ ಸವರಿ ಇಡುವುದು, ಅಕ್ಕಿಯ ಡಬ್ಬಕ್ಕೆ ಒಣಗಿದ ಬೇವಿನ ಎಲೆ ಹಾಕುವುದು, ರವೆಯನ್ನು ಬೆಚ್ಚಗೆ ಹುರಿದು ಆರಿಸಿ ತುಂಬುವುದು ಹಳೆಯ, ಈಗಲೂ ಕೆಲಸಕ್ಕೆ ಬರುವ ಉಪಾಯಗಳು. ಎಣ್ಣೆಯ ಪದರ ಕಾಳಿನ ಮೇಲೆ ಹುಳು ಮೊಟ್ಟೆಯಿಡದಂತೆ ತಡೆಯುತ್ತದೆ. ಸಜ್ಜೆ ಹಿಟ್ಟು ಬೇಗ ಕಹಿಯಾಗುವುದಕ್ಕೆ ಅದರ ಕೊಬ್ಬನ್ನು ಒಡೆಯುವ ಕಿಣ್ವ ಕಾರಣ. ಬೇಕಾದಾಗ ಬೇಕಾದಷ್ಟೇ ಬೀಸಿಸಬೇಕು. ಹೊಸ ಸಾಮಾನನ್ನು ಹಳೆಯದರ ಮೇಲೆ ಸುರಿಯುವ ಅಭ್ಯಾಸದಿಂದ ಡಬ್ಬದ ತಳದಲ್ಲಿ ಹುಳುವಿನ ಸಂಸಾರ ಬೆಳೆಯುತ್ತದೆ.

ಕಲಬೆರಕೆಯಲ್ಲಿ ಅಪಾಯಕಾರಿಯಾದವು ಕೆಲವು. ಬಿಡಿಯಾಗಿ ಮಾರುವ ಅರಿಶಿನಪುಡಿಗೆ ಹೊಳಪು ಬರಲೆಂದು ಸೀಸದ ಕ್ರೋಮೇಟ್ ಬೆರೆಸುವವರಿದ್ದಾರೆ. ಕೊಂಬು ತಂದು ಪುಡಿ ಮಾಡಿಸುವುದು ಕ್ಷೇಮ. ತೊಗರಿಬೇಳೆಗೆ ಬೆರೆಸುವ ಕೇಸರಿಬೇಳೆಯ ಕಾಳು ಗುಂಡಗಿರದೆ ಕೊಡಲಿಯ ಅಲಗಿನಂತೆ ಮೂಲೆಮೂಲೆಯಾಗಿರುತ್ತದೆ. ಅದನ್ನೇ ದಿನವೂ ತಿಂಗಳುಗಟ್ಟಲೆ ತಿಂದವರ ಕಾಲುಗಳ ಶಕ್ತಿ ಉಡುಗಿದ್ದುಂಟು. ಕಡಲೆಕಾಯಿ ಬೀಜವನ್ನು ಆರಿಸುವಾಗ ಸುಕ್ಕಾದ, ಬಣ್ಣಗೆಟ್ಟ, ಬೂಸಲು ಹಿಡಿದ ಬೀಜಗಳನ್ನು ಬೇರ್ಪಡಿಸಬೇಕು. ಬೂಸಲಿನಿಂದ ಹುಟ್ಟುವ ಅಫ್ಲಟಾಕ್ಸಿನ್ ಯಕೃತ್ತಿಗೆ ವಿಷ. ಮನೆಯ ಬಾಣಲೆಯಲ್ಲಿ ಹುರಿದರೆ, ನೀರಲ್ಲಿ ಬೇಯಿಸಿದರೆ ಅದು ಪೂರ್ತಿ ಹೋಗುವುದಿಲ್ಲ. ಅಂಥ ಬೀಜವನ್ನು ಹಸುವಿಗೂ ಹಾಕಬಾರದು. ಅದರ ಅಂಶ ಹಾಲಿಗೆ ಬರುತ್ತದೆ.